ಮನೆಯ ಆರ್‌ಒ ಯಂತ್ರ: ಒಳಗೇನಿದೆ, ನೋಡಿಕೊಳ್ಳುವುದು ಹೇಗೆ?

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ‘ದ್ರಾವಣಗಳು’ ಅಧ್ಯಾಯದಲ್ಲಿ ಪರಾಸರಣ, ಪರಾಸರಣ ಒತ್ತಡ ಮತ್ತು ಹಿಮ್ಮುಖ ಪರಾಸರಣದ ಬಗ್ಗೆ ಒಂದೆರಡು ಪುಟಗಳಿವೆ. ಪರೀಕ್ಷೆಯಲ್ಲಿ ಅದಕ್ಕೆ ಸಿಗುವ ಅಂಕ ಹೆಚ್ಚೇನಲ್ಲ. ಆದರೆ ನಮ್ಮಲ್ಲಿ ಅನೇಕರ ಅಡುಗೆಮನೆಯ ಗೋಡೆಯ ಮೇಲೆ ಆ ಒಂದೆರಡು ಪುಟ ದಿನವೂ ಕೆಲಸ ಮಾಡುತ್ತಿವೆ. ಆರ್‌ಒ ಎಂದು ನಾವು ಕರೆಯುವ ಯಂತ್ರ ಅದೇ. ಊರಿನ ‘ಶುದ್ಧ ಕುಡಿಯುವ ನೀರಿನ ಘಟಕ’ದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುವವರು ಕುಡಿಯುವುದೂ ಬಹುತೇಕ ಅದೇ ವಿಧಾನದ ನೀರು.

ಈ ಯಂತ್ರದ ಒಂದು ಸ್ವಭಾವವನ್ನು ಎಲ್ಲರೂ ತಿಳಿದಿರಬೇಕು. ಫ್ಯಾನ್ ಕೆಟ್ಟರೆ ನಿಲ್ಲುತ್ತದೆ, ಬಲ್ಬ್ ಕೆಟ್ಟರೆ ಆರುತ್ತದೆ. ಆರ್‌ಒ ಮಾತ್ರ ಕೆಟ್ಟ ಮೇಲೂ ನೀರು ಕೊಡುತ್ತಲೇ ಇರುತ್ತದೆ. ಆ ನೀರು ತಿಳಿಯಾಗಿಯೇ ಕಾಣುತ್ತದೆ, ರುಚಿಯೂ ಒಮ್ಮೆಲೇ ಬದಲಾಗುವುದಿಲ್ಲ. ಹಾಗಾಗಿ ನಾವೇ ಅಳೆದು ನೋಡದ ಹೊರತು ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅಳೆಯಲು ಬೇಕಾಗುವುದು ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್, ಒಂದು ಬಕೆಟ್, ಒಂದು ನೋಟ್‌ಬುಕ್. ನಾನು ಒಂದು ವರ್ಷದಿಂದ ನಮ್ಮ ಮನೆಯ ಯಂತ್ರದ ಲೆಕ್ಕ ಇಡುತ್ತಿದ್ದೇನೆ. ಅದರಿಂದ ತಿಳಿದದ್ದನ್ನು, ಪಾಠದಲ್ಲಿ ಓದಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಹಿಮ್ಮುಖ ಪರಾಸರಣ ಎಂದರೇನು?

ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ. ಹೊರಗಿನ ನೀರು ಸಿಪ್ಪೆಯನ್ನು ದಾಟಿ, ಸಕ್ಕರೆ ಹೆಚ್ಚಿರುವ ಒಳಭಾಗಕ್ಕೆ ಹೋಗುತ್ತದೆ. ಇದು ಪರಾಸರಣ. ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ನೀರು ಬಿಟ್ಟು ಮುದುಡುವುದೂ ಇದರಿಂದಲೇ, ಅಲ್ಲಿ ಉಪ್ಪು ಹೊರಗೆ ಹೆಚ್ಚಿದೆ. ಎರಡರಲ್ಲೂ ನೀರು ತಾನಾಗಿ ಹರಿಯುವುದು ಲವಣ ಅಥವಾ ಸಕ್ಕರೆ ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ. 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ಹಂದಿಯ ಮೂತ್ರಕೋಶದ ಪೊರೆಯನ್ನು ಬಳಸಿ ಇದನ್ನು ಮೊದಲು ಗಮನಿಸಿದರು. ಪರಾಸರಣ ಒತ್ತಡದ ನಿಯಮವನ್ನು ಕೊಟ್ಟ ವಾನ್ಟ್ ಹಾಫ್ ಅವರಿಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಬಂತು.

ಉಪ್ಪು ಹೆಚ್ಚಿರುವ ಕಡೆಯಿಂದ ಪರಾಸರಣ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಹಾಕಿದರೆ ನೀರು ಹಿಮ್ಮುಖವಾಗಿ ಹರಿಯುತ್ತದೆ. ಉಪ್ಪು ಒಂದು ಕಡೆ ಉಳಿಯುತ್ತದೆ, ನೀರು ಇನ್ನೊಂದು ಕಡೆ ಬರುತ್ತದೆ. ತತ್ವ ಸರಳವಾದರೂ ಉಪ್ಪನ್ನು ತಡೆಯುವ, ಆದರೆ ನೀರನ್ನು ಬೇಗ ಬಿಡುವ ಪೊರೆ ಬಹುಕಾಲ ಸಿಕ್ಕಿರಲಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್‌ನಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಸುಮಾರು 1960ರ ಹೊತ್ತಿಗೆ ಸೆಲ್ಯುಲೋಸ್ ಅಸಿಟೇಟ್‌ನಿಂದ ಅಂಥ ಪೊರೆ ತಯಾರಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಯಲಿಂಗ ಎಂಬ ಪಟ್ಟಣಕ್ಕೆ ಈ ವಿಧಾನದಿಂದ ಕುಡಿಯುವ ನೀರು ಪೂರೈಕೆ ಆರಂಭವಾಯಿತು. ಇಂದು ನಮ್ಮ ಮನೆಗಳ ಯಂತ್ರದಲ್ಲಿರುವುದು ಆಮೇಲೆ ಬಂದ ಪಾಲಿಅಮೈಡ್ ಪೊರೆ.

ಎಷ್ಟು ಒತ್ತಡ ಬೇಕು ಎಂಬುದನ್ನು ನಮ್ಮ ಪಾಠದ ಸೂತ್ರದಿಂದಲೇ ಲೆಕ್ಕ ಹಾಕಬಹುದು. ನಮ್ಮ ಮನೆಯ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿರುವ ಒಟ್ಟು ಲವಣ, ಲೀಟರಿಗೆ ಸುಮಾರು 900 ಮಿಲಿಗ್ರಾಂ. ಲೆಕ್ಕಕ್ಕಾಗಿ ಅದೆಲ್ಲವೂ ಅಡುಗೆ ಉಪ್ಪು ಎಂದುಕೊಳ್ಳೋಣ. 0.9 ಗ್ರಾಂ ಅನ್ನು 58.5ರಿಂದ ಭಾಗಿಸಿದರೆ 0.0154 ಮೋಲ್. ಉಪ್ಪು ಎರಡು ಅಯಾನುಗಳಾಗಿ ಒಡೆಯುವುದರಿಂದ ಎರಡರಿಂದ ಗುಣಿಸಬೇಕು. ಅದನ್ನು ಅನಿಲ ಸ್ಥಿರಾಂಕ 0.083 ಮತ್ತು ತಾಪಮಾನ 300 ಕೆಲ್ವಿನ್‌ನಿಂದ ಗುಣಿಸಿದರೆ ಸುಮಾರು 0.77 ಬಾರ್ ಬರುತ್ತದೆ. ಮನೆಯ ಮೇಲಿನ ಟ್ಯಾಂಕಿನ ನೀರು ಹತ್ತು ಮೀಟರ್ ಎತ್ತರದಲ್ಲಿದ್ದರೆ ಮಾತ್ರ ಒಂದು ಬಾರ್ ಒತ್ತಡ ಸಿಗುತ್ತದೆ. ಅಷ್ಟು ಎತ್ತರ ಇರುವ ಮನೆ ಕಡಿಮೆ. ಜೊತೆಗೆ ನೀರು ಸಾಕಷ್ಟು ವೇಗವಾಗಿ ಬರಬೇಕಾದರೆ ಪರಾಸರಣ ಒತ್ತಡಕ್ಕಿಂತ ಹಲವು ಪಟ್ಟು ಬೇಕು. ಆದ್ದರಿಂದಲೇ ಯಂತ್ರದೊಳಗೆ ಗುಂಯ್ ಎನ್ನುವ ಚಿಕ್ಕ ಪಂಪ್ ಇರುತ್ತದೆ. ಇದೇ ಲೆಕ್ಕವನ್ನು ಲೀಟರಿಗೆ 35 ಗ್ರಾಂ ಉಪ್ಪಿರುವ ಸಮುದ್ರದ ನೀರಿಗೆ ಮಾಡಿದರೆ ಉತ್ತರ 30 ಬಾರ್ ಹತ್ತಿರ ಬರುತ್ತದೆ. ಮನೆಯ ಯಂತ್ರ ಸಮುದ್ರದ ನೀರಿಗೆ ಏಕೆ ನಡೆಯದು ಎಂಬುದು ಇದರಿಂದ ತಿಳಿಯುತ್ತದೆ.

ಮೊದಲ ಪ್ರಶ್ನೆ: ನಿಮ್ಮ ನೀರಿಗೆ ಆರ್‌ಒ ಬೇಕೇ?

ಎಲ್ಲರ ಮನೆಗೂ ಆರ್‌ಒ ಬೇಕಾಗಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಮಾನದಂಡ ಐಎಸ್ 10500. ಅದರ ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಅನುಮತಿ ಇದೆ. ಫ್ಲೋರೈಡ್‌ಗೆ ಈ ಮಿತಿಗಳು 1.0 ಮತ್ತು 1.5 ಮಿಲಿಗ್ರಾಂ. ನೈಟ್ರೇಟ್‌ಗೆ 45 ಮಿಲಿಗ್ರಾಂ.

ಬೆಂಗಳೂರಿಗೆ ಬರುವ ಕಾವೇರಿ ನೀರು, ಕರಾವಳಿಯ ಅನೇಕ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ 500ಕ್ಕಿಂತ ಬಹಳ ಕೆಳಗಿರುತ್ತದೆ. ಅಲ್ಲಿ ಇರಬಹುದಾದ ತೊಂದರೆ ಲವಣದ್ದಲ್ಲ, ರೋಗಾಣುಗಳದ್ದು. ಅದಕ್ಕೆ ಕುದಿಸಿ ಆರಿಸುವುದು ಸಾಕು, ಅಥವಾ ಯುವಿ ಯಂತ್ರ ಸಾಕು. ಅಂಥ ನೀರಿಗೆ ಆರ್‌ಒ ಹಾಕಿದರೆ ಒಳ್ಳೆಯ ನೀರಿನ ಬಹುಪಾಲನ್ನು ಚರಂಡಿಗೆ ಬಿಟ್ಟಂತೆ. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೇ ಕಾರಣಕ್ಕೆ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ, ಬಳಕೆಗೆ ಅವಕಾಶವಿರುವ ಕಡೆ ಶೇ. 60ಕ್ಕಿಂತ ಹೆಚ್ಚು ನೀರು ಉಪಯೋಗಕ್ಕೆ ಸಿಗುವಂತೆ ನಿಯಮ ರೂಪಿಸಲು ಪರಿಸರ ಸಚಿವಾಲಯಕ್ಕೆ ನಿರ್ದೇಶಿಸಿತ್ತು.

ಬಯಲುಸೀಮೆಯ ಕಥೆ ಬೇರೆ. ನಮ್ಮ ಕೋಲಾರ ಜಿಲ್ಲೆ, ಪಕ್ಕದ ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಮೊದಲಾದ ಕಡೆ ಗ್ರಾನೈಟ್ ಬಂಡೆಗಳ ನಡುವೆ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ ಬೀಳುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಪ್ರಮಾಣ ಹೆಚ್ಚಿದ್ದು ಹತ್ತಾರು ವರ್ಷ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ನಮ್ಮ ತರಗತಿಯಲ್ಲೇ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಗೆಳತಿಯರಿದ್ದಾರೆ. ಅದು ಅವರು ಹಲ್ಲುಜ್ಜದ್ದರಿಂದ ಆದದ್ದಲ್ಲ ಎಂಬುದನ್ನು ಎಲ್ಲರೂ ತಿಳಿದರೆ ಒಳ್ಳೆಯದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಸ್ವಲ್ಪ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಯುವಿ ಹಾಯಿಸಿದರೂ ಹೋಗದು. ಆರ್‌ಒ ಪೊರೆ ಮಾತ್ರ ಸುಸ್ಥಿತಿಯಲ್ಲಿದ್ದರೆ ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ತೆಗೆಯುತ್ತದೆ. ಆದ್ದರಿಂದ ಕಾವೇರಿ ನೀರಿನ ಮನೆಯಲ್ಲಿ ಅನಗತ್ಯ ಎನ್ನಿಸುವ ಯಂತ್ರವೇ ನಮ್ಮ ಭಾಗದಲ್ಲಿ ಅಗತ್ಯವಾಗಿದೆ.

ಕಂದು ಬಣ್ಣದ ಆಟ

ಯಂತ್ರ ಮಾರಲು ಮನೆಗೆ ಬರುವ ಕೆಲವರು ಒಂದು ಪ್ರದರ್ಶನ ಮಾಡುತ್ತಾರೆ. ಎರಡು ಲೋಟ ಇಡುತ್ತಾರೆ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಎರಡಕ್ಕೂ ಲೋಹದ ಕಡ್ಡಿಗಳಿರುವ ಒಂದು ಸಾಧನವನ್ನು ಅದ್ದಿ ಕರೆಂಟ್ ಕೊಡುತ್ತಾರೆ. ಒಂದೆರಡು ನಿಮಿಷದಲ್ಲಿ ನಲ್ಲಿ ನೀರು ಕಂದು ಬಣ್ಣದ ಕೆಸರಾಗುತ್ತದೆ, ಆರ್‌ಒ ನೀರು ತಿಳಿಯಾಗಿಯೇ ಇರುತ್ತದೆ. “ನೀವು ಇಷ್ಟು ದಿನ ಕುಡಿದದ್ದು ಇದನ್ನೇ” ಎನ್ನುತ್ತಾರೆ. ನೋಡಿದವರು ಗಾಬರಿಯಾಗುತ್ತಾರೆ.

ವಿದ್ಯುದ್ವಿಭಜನೆ ಓದಿದ ನಮಗೆ ಇದು ಒಗಟಲ್ಲ. ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಲವಣವಿರುವ ನೀರಿನಲ್ಲಿ ಕರೆಂಟ್ ಹರಿದಾಗ ಕಬ್ಬಿಣವೇ ಕರಗಿ, ಕಂದು ಬಣ್ಣದ ಕಬ್ಬಿಣದ ಹೈಡ್ರಾಕ್ಸೈಡ್ ಆಗಿ ಹೊರಬರುತ್ತದೆ. ಆ ಕೊಳೆ ಕಡ್ಡಿಯದು. ಆರ್‌ಒ ನೀರಿನಲ್ಲಿ ಲವಣ ತೀರ ಕಡಿಮೆ ಇರುವುದರಿಂದ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಬಣ್ಣ ಬರುವುದಿಲ್ಲ. ಅವರ ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿಸಿ. ಅದೂ ಕಂದಾಗುತ್ತದೆ. ಯಂತ್ರ ಬೇಕೋ ಬೇಡವೋ ಎಂಬುದನ್ನು ನೀರಿನ ಪರೀಕ್ಷಾ ವರದಿ ನೋಡಿ ನಿರ್ಧರಿಸಬೇಕು, ಈ ಆಟ ನೋಡಿ ಅಲ್ಲ.

ಯಂತ್ರದ ಒಳಗೆ

ಮುಚ್ಚಳ ತೆರೆದರೆ ಕೊಳವೆಗಳ ಗೋಜಲು ಕಂಡರೂ ನೀರಿನ ದಾರಿ ಒಂದೇ. ಅದನ್ನು ಅನುಸರಿಸಿದರೆ ಎಲ್ಲವೂ ಅರ್ಥವಾಗುತ್ತದೆ.

1. ಸೆಡಿಮೆಂಟ್ ಫಿಲ್ಟರ್: ಮಣ್ಣು, ಮರಳು, ತುಕ್ಕಿನ ಕಣಗಳನ್ನು ಹಿಡಿಯುತ್ತದೆ. ಅನೇಕ ಮನೆಗಳಲ್ಲಿ ಇದರ ಮೊದಲನೆಯದು ಯಂತ್ರದ ಹೊರಗೇ ಒಂದು ಪಾರದರ್ಶಕ ಡಬ್ಬಿಯಲ್ಲಿರುತ್ತದೆ. ಬಿಳಿ ಇದ್ದದ್ದು ಕಂದಾಗುವುದು ಕಣ್ಣಿಗೇ ಕಾಣುತ್ತದೆ.

2. ಕಾರ್ಬನ್ ಫಿಲ್ಟರ್: ಕ್ಲೋರಿನ್ ಮತ್ತು ವಾಸನೆಯನ್ನು ಹೀರುತ್ತದೆ. ಇದರ ಕೆಲಸ ರುಚಿಗಷ್ಟೇ ಅಲ್ಲ. ಪಾಲಿಅಮೈಡ್ ಪೊರೆ ಕ್ಲೋರಿನ್‌ಗೆ ಹಾಳಾಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ನೀರು ಬರುವ ಮನೆಗಳಲ್ಲಿ ಪೊರೆಯನ್ನು ಕಾಯುವುದು ಈ ಕಾರ್ಬನ್. ಎರಡು ಸಾವಿರದ ಪೊರೆ ಉಳಿಯಬೇಕಾದರೆ ಕೆಲವು ನೂರರ ಕಾರ್ಬನ್ ಅನ್ನು ಕಾಲಕ್ಕೆ ಸರಿಯಾಗಿ ಬದಲಿಸಬೇಕು.

3. ಸೊಲೆನಾಯ್ಡ್ ವಾಲ್ವ್ ಮತ್ತು ಪಂಪ್: ಟ್ಯಾಂಕ್ ತುಂಬಿದಾಗ ವಾಲ್ವ್ ನೀರನ್ನು ತಡೆಯುತ್ತದೆ. ಟ್ಯಾಂಕ್ ಖಾಲಿಯಾದಾಗ ತೆರೆಯುತ್ತದೆ, ಪಂಪ್ ಒತ್ತಡ ಕೊಡುತ್ತದೆ.

4. ಮೆಂಬರೇನ್: ಇದೇ ಯಂತ್ರದ ಹೃದಯ. ತೆಳು ಪೊರೆಯ ಹಾಳೆಗಳನ್ನು ಚಾಪೆ ಸುತ್ತಿದಂತೆ ಒಂದು ನಳಿಗೆಯ ಸುತ್ತ ಸುತ್ತಿರುತ್ತಾರೆ. ಇದರ ಮೇಲೆ 75 ಅಥವಾ 80 ಜಿಪಿಡಿ ಎಂದು ಬರೆದಿರುತ್ತದೆ. ಅಂದರೆ ದಿನಕ್ಕೆ ಇಷ್ಟು ಗ್ಯಾಲನ್. 75 ಗ್ಯಾಲನ್ ಎಂದರೆ ಸುಮಾರು 284 ಲೀಟರ್, ಗಂಟೆಗೆ 12 ಲೀಟರಿಗೆ ಸ್ವಲ್ಪ ಕಡಿಮೆ. ಇದು ಪ್ರಯೋಗಾಲಯದ ಸ್ಥಿತಿಯ ಲೆಕ್ಕ, ಮನೆಯಲ್ಲಿ ವ್ಯತ್ಯಾಸವಾಗುತ್ತದೆ. ಚಳಿಗಾಲದಲ್ಲಿ ನೀರು ತಣ್ಣಗಿದ್ದಾಗ ಪೊರೆಯಿಂದ ನೀರು ನಿಧಾನವಾಗಿ ಬರುತ್ತದೆ. ಡಿಸೆಂಬರ್‌ನಲ್ಲಿ ಟ್ಯಾಂಕ್ ತುಂಬಲು ತಡವಾದರೆ ಅದನ್ನೇ ದೋಷ ಎಂದುಕೊಳ್ಳಬಾರದು.

5. ಫ್ಲೋ ರಿಸ್ಟ್ರಿಕ್ಟರ್: ಮೆಂಬರೇನ್‌ನಿಂದ ಹೊರಹೋಗುವ ಉಪ್ಪುನೀರಿನ ಕೊಳವೆಯಲ್ಲಿರುವ ಚಿಕ್ಕ ತಡೆ. ಇದು ಒಳಗಿನ ಒತ್ತಡವನ್ನು ಉಳಿಸುತ್ತದೆ, ಉಪ್ಪನ್ನು ತೊಳೆದುಹೋಗಲು ಬೇಕಾದಷ್ಟು ನೀರನ್ನೂ ಬಿಡುತ್ತದೆ.

6. ಯುವಿ ಅಥವಾ ಯುಎಫ್, ಕೊನೆಯ ಕಾರ್ಬನ್: ಯುವಿ ಅಥವಾ ಯುಎಫ್ ಇರುವುದು ಪೊರೆಯ ಅಂಚಿನಿಂದ ನುಸುಳಿದ ಅಥವಾ ಆಮೇಲೆ ಸೇರಿದ ರೋಗಾಣುಗಳಿಗಾಗಿ, ಕಾರ್ಬನ್ ಇರುವುದು ವಾಸನೆಗಾಗಿ.

7. ಟಿಡಿಎಸ್ ಕಂಟ್ರೋಲರ್: ಇದು ಎಲ್ಲ ಯಂತ್ರಗಳಲ್ಲಿ ಇರುವುದಿಲ್ಲ. ಇದರ ಬಗ್ಗೆ ಪ್ರತ್ಯೇಕವಾಗಿ ಹೇಳುತ್ತೇನೆ.

ಎರಡು ಅಳತೆಗಳು

ಮೊದಲನೆಯದು ಟಿಡಿಎಸ್. ಯಂತ್ರಕ್ಕೆ ಹೋಗುವ ನೀರನ್ನೂ ಯಂತ್ರದಿಂದ ಬರುವ ನೀರನ್ನೂ ಅಳೆಯಿರಿ. ಯಂತ್ರ ಐದು ಹತ್ತು ನಿಮಿಷ ಓಡಿದ ಮೇಲೆ ಅಳೆಯಬೇಕು. ಸುಮ್ಮನೆ ನಿಂತಾಗ ಪೊರೆಯ ಆಚೆಯ ಲವಣ ಸ್ವಲ್ಪ ಸ್ವಲ್ಪವೇ ಈಚೆಗೆ ಹರಡಿರುತ್ತದೆ, ಹಾಗಾಗಿ ಮೊದಲು ಬರುವ ನೀರಿನ ಅಂಕಿ ಹೆಚ್ಚಿರುತ್ತದೆ. ಎರಡು ಅಂಕಿಗಳ ವ್ಯತ್ಯಾಸವನ್ನು ಒಳಹೋಗುವ ನೀರಿನ ಅಂಕಿಯಿಂದ ಭಾಗಿಸಿ ನೂರರಿಂದ ಗುಣಿಸಿ. ನಮ್ಮ ಮನೆಯಲ್ಲಿ 900 ಒಳಗೆ, 60 ಹೊರಗೆ. 840ನ್ನು 900ರಿಂದ ಭಾಗಿಸಿದರೆ ಶೇ. 93. ಒಳ್ಳೆಯ ಪೊರೆ ಶೇ. 90ಕ್ಕಿಂತ ಹೆಚ್ಚು ತಡೆಯಬೇಕು. ತಿಂಗಳಿಂದ ತಿಂಗಳಿಗೆ ಇದು ಇಳಿಯುತ್ತಾ ಶೇ. 80ರ ಹತ್ತಿರ ಬಂದರೆ ಪೊರೆ ಬದಲಿಸುವ ಕಾಲ ಬಂದಿದೆ ಎಂದರ್ಥ.

ಹೊರಬರುವ ನೀರಿನ ಅಂಕಿಯೊಂದನ್ನೇ ನೋಡಿದರೆ ಸಾಲದು. ಬೇಸಿಗೆಯಲ್ಲಿ ಬೋರ್‌ವೆಲ್ ನೀರಿನ ಟಿಡಿಎಸ್ ಏರಬಹುದು. ಒಳಗೆ 1300 ಆದರೆ ಅದೇ ಒಳ್ಳೆಯ ಪೊರೆಯಿಂದಲೂ 90 ಬರುತ್ತದೆ. ಶೇಕಡಾವಾರು ಲೆಕ್ಕ ಮಾಡಿದರೆ ಪೊರೆಯ ತಪ್ಪಿಲ್ಲ ಎಂದು ಗೊತ್ತಾಗುತ್ತದೆ.

ಟಿಡಿಎಸ್ ಮೀಟರ್‌ನ ಮಿತಿಯನ್ನೂ ಅರಿತಿರಬೇಕು. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನೇ ಲವಣದ ಅಂಕಿಯಾಗಿ ತೋರಿಸುತ್ತದೆ. ಯಾವ ಲವಣ ಎಂದು ಹೇಳದು, ರೋಗಾಣುಗಳನ್ನು ಕಾಣದು. ಚರಂಡಿ ನೀರು ಸೇರಿದರೂ ಅಂಕಿ 200 ಎಂದೇ ತೋರಿಸಬಹುದು. ಫ್ಲೋರೈಡ್ ತಿಳಿಯಬೇಕಾದರೆ ಪ್ರಯೋಗಾಲಯಕ್ಕೆ ಕೊಡಬೇಕು. ನಮ್ಮ ಬೋರ್‌ವೆಲ್ ನೀರನ್ನು ಅಬ್ಬಾ ಪರೀಕ್ಷೆಗೆ ಕೊಟ್ಟಾಗ ಫ್ಲೋರೈಡ್ ಲೀಟರಿಗೆ 3 ಮಿಲಿಗ್ರಾಂ ಎಂದು ವರದಿ ಬಂತು. ಮಿತಿಯ ಎರಡು ಪಟ್ಟು.

ಎರಡನೆಯ ಅಳತೆ ಬಕೆಟಿನದು. ಯಂತ್ರದ ಟ್ಯಾಂಕನ್ನು ಖಾಲಿ ಮಾಡಿ, ಹೊರಹೋಗುವ ಕೊಳವೆಯನ್ನು ಬಕೆಟಿಗೆ ಬಿಡಿ. ಟ್ಯಾಂಕ್ ತುಂಬುವಷ್ಟರಲ್ಲಿ ಬಕೆಟಿಗೆ ಎಷ್ಟು ಬಂತು ನೋಡಿ. ನಮ್ಮಲ್ಲಿ 8 ಲೀಟರ್ ಟ್ಯಾಂಕ್ ತುಂಬುವಾಗ 22 ಲೀಟರ್ ಹೊರಹೋಯಿತು. ಒಟ್ಟು 30ರಲ್ಲಿ 8 ಎಂದರೆ ಶೇ. 27 ಮಾತ್ರ ಕುಡಿಯಲು ಸಿಕ್ಕಿತು. ತುಂಬಲು ಹಿಡಿದ ಸಮಯವನ್ನೂ ಬರೆದಿಡಿ. ಮುಂದೆ ದೋಷ ಹುಡುಕುವಾಗ ಅದು ಉಪಯೋಗಕ್ಕೆ ಬರುತ್ತದೆ.

ರುಚಿಗಾಗಿ ತಿರುಗಿಸಿದ ಸ್ಕ್ರೂ

ಕಳೆದ ವರ್ಷ ಸರ್ವಿಸ್‌ಗೆ ಬಂದವರೊಬ್ಬರು ನಮ್ಮ ಯಂತ್ರದ ನೀರು ‘ಸಪ್ಪೆ’ ಎಂದು ಹೇಳಿ ಒಂದು ಚಿಕ್ಕ ಸ್ಕ್ರೂ ತಿರುಗಿಸಿ ಹೋದರು. ಮರುದಿನ ತಿಂಗಳ ಅಳತೆ ಮಾಡುವ ದಿನವಾಗಿತ್ತು. 60 ಇದ್ದದ್ದು 300 ಆಗಿತ್ತು. ಪೊರೆ ಒಂದೇ ದಿನದಲ್ಲಿ ಹೀಗೆ ಕೆಡುವುದಿಲ್ಲ. ಪೊರೆಯಿಂದ ನೇರವಾಗಿ ಬರುವ ಕೊಳವೆಯನ್ನು ಬಿಡಿಸಿ ಅಳೆದರೆ ಅಲ್ಲಿ 60 ಇತ್ತು. ತಿರುಗಿಸಿದ್ದು ಟಿಡಿಎಸ್ ಕಂಟ್ರೋಲರ್ ಅನ್ನು.

ಟಿಡಿಎಸ್ ಕಂಟ್ರೋಲರ್ ಎಂಬ ಹೆಸರು ಕೇಳಿದರೆ ಏನೋ ದೊಡ್ಡ ಸಾಧನ ಎನ್ನಿಸುತ್ತದೆ. ಅದು ಮಾಡುವ ಕೆಲಸ, ಪೊರೆಯನ್ನು ದಾಟದ ನೀರಿನಲ್ಲಿ ಸ್ವಲ್ಪವನ್ನು ಶುದ್ಧ ನೀರಿಗೆ ಬೆರೆಸುವುದು. ಬೆರೆಸುವ ನೀರು ಮಣ್ಣು, ಕ್ಲೋರಿನ್ ಕಳೆದುಕೊಂಡಿರುತ್ತದೆ, ಲವಣ ಮಾತ್ರ ಹಾಗೇ ಇರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬರುವ ದಾರಿಯಲ್ಲೇ ಫ್ಲೋರೈಡ್, ನೈಟ್ರೇಟ್ ಕೂಡ ಬರುತ್ತವೆ.

ಲೆಕ್ಕ ಹೀಗಿದೆ. 60ರ ನೀರಿಗೆ 900ರ ನೀರು ಬೆರೆಸಿ 300 ಮಾಡಬೇಕಾದರೆ, ಬೆರೆಸಿದ ಪಾಲು 240ನ್ನು 840ರಿಂದ ಭಾಗಿಸಿದಷ್ಟು, ಅಂದರೆ ನೂರರಲ್ಲಿ ಸುಮಾರು 29 ಪಾಲು. ಪೊರೆ ದಾಟಿದ ನೀರಿನಲ್ಲಿ ಫ್ಲೋರೈಡ್ 0.3, ದಾಟದ ನೀರಿನಲ್ಲಿ 3. ಎರಡನ್ನೂ ಈ ಪ್ರಮಾಣದಲ್ಲಿ ಸೇರಿಸಿದರೆ ಸುಮಾರು 1.07 ಮಿಲಿಗ್ರಾಂ. ಸ್ವೀಕಾರಾರ್ಹ ಮಿತಿ 1.0. ಪೊರೆ ಗಳಿಸಿದ್ದನ್ನು ಒಂದು ಸ್ಕ್ರೂ ಕಳೆಯಿತು. ನಮ್ಮ ಮನೆಯಲ್ಲಿ ಅಣ್ಣನ ಎರಡು ವರ್ಷದ ಮಗಳಿದ್ದಾಳೆ. ಅವಳ ಹಾಲಿನ ಪುಡಿ ಕಲಸುವುದು, ಗಂಜಿ ಬೇಯಿಸುವುದು ಇದೇ ನೀರಿನಲ್ಲಿ. ಅವಳ ಶಾಶ್ವತ ಹಲ್ಲುಗಳು ಒಸಡಿನೊಳಗೆ ಈಗ ತಾನೇ ರೂಪುಗೊಳ್ಳುತ್ತಿವೆ. ಅಬ್ಬಾ ಅಂದೇ ಕಂಟ್ರೋಲರ್ ಮುಚ್ಚಿಸಿದರು.

ಫ್ಲೋರೈಡ್ ಅಥವಾ ನೈಟ್ರೇಟ್ ಇರುವ ನೀರಿಗೆ ಕಂಟ್ರೋಲರ್ ಪೂರ್ತಿ ಮುಚ್ಚಿರಬೇಕು. ನೀರು ಸಪ್ಪೆ ಎನ್ನಿಸಿದರೆ ಪೊರೆಯ ನಂತರ ಹಾಕುವ ಮಿನರಲ್ ಕಾರ್ಟ್ರಿಜ್ ಸಿಗುತ್ತದೆ. ಅದರಲ್ಲಿ ಕಚ್ಚಾ ನೀರು ಬೆರೆಯುವುದಿಲ್ಲ. ಖನಿಜಗಳು ನಮಗೆ ಹೆಚ್ಚಾಗಿ ಸಿಗುವುದು ರಾಗಿ, ಹಾಲು, ಸೊಪ್ಪು, ಬೇಳೆಯಂಥ ಆಹಾರದಿಂದ ಎಂಬುದೂ ನೆನಪಿರಲಿ.

ಹೊರಹೋಗುವ ನೀರು

ನಮ್ಮ ಮನೆಯಲ್ಲಿ ದಿನಕ್ಕೆ 10 ಲೀಟರ್ ಕುಡಿಯುವ ನೀರು ಬೇಕು. ಮೇಲಿನ ಲೆಕ್ಕದಂತೆ ಅದಕ್ಕೆ 27 ಲೀಟರಿಗೂ ಹೆಚ್ಚು ಹೊರಹೋಗುತ್ತದೆ. ವರ್ಷಕ್ಕೆ ಸುಮಾರು 10,000 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಹಣ ಕೊಡುವ ಊರಿನಲ್ಲಿ ಇದು ಚಿಕ್ಕ ಮಾತಲ್ಲ. ನೀರಿನ ದುಂದು ಸಲ್ಲದು ಎಂಬುದನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದವರೇ.

ಹಾಗೆಂದು ಫ್ಲೋ ರಿಸ್ಟ್ರಿಕ್ಟರ್ ಬಿಗಿ ಮಾಡಿ ನೀರು ಉಳಿಸಲು ಹೋಗಬಾರದು. ನಮ್ಮ ಹೊರಹೋಗುವ ನೀರಿನ ಟಿಡಿಎಸ್ ಈಗ 1200 ಹತ್ತಿರ ಇದೆ. ಶೇ. 75 ನೀರು ಹಿಂಡಲು ಹೋದರೆ ಅದು 3400 ದಾಟುತ್ತದೆ. ನಮ್ಮ ಗಡಸು ನೀರಿನಲ್ಲಿ ಆಗ ಕ್ಯಾಲ್ಸಿಯಂ ಕಾರ್ಬೊನೇಟ್ ಪೊರೆಯ ಮೇಲೆಯೇ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ. ನೀರು ಉಳಿಯಬಹುದು, ಪೊರೆ ಬೇಗ ಹಾಳಾಗುತ್ತದೆ. ಮನೆಯ ಯಂತ್ರದಲ್ಲಿ ಸರಿಯಾದ ದಾರಿ ಹೊರಹೋದ ನೀರನ್ನು ಹಿಡಿದು ಬಳಸುವುದು.

ಕೊಳವೆಗೆ ಉದ್ದನೆಯ ಪೈಪ್ ಸೇರಿಸಿ ಡ್ರಮ್ಮಿಗೆ ಬಿಡಿ. ನೆಲ ಒರೆಸಲು, ಶೌಚಾಲಯಕ್ಕೆ, ಪಾತ್ರೆಯ ಮೊದಲ ತೊಳೆತಕ್ಕೆ, ಅಂಗಳಕ್ಕೆ ಚಿಮುಕಿಸಲು, ಗಾಡಿ ತೊಳೆಯಲು ಇದು ಸಾಕು. ಗಿಡಗಳಿಗೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಸೇರುತ್ತದೆ, ಕುಂಡದ ಗಿಡಗಳ ಎಲೆಯಂಚು ಒಣಗುತ್ತದೆ. ಕುಡಿಯಲು, ಅಡುಗೆಗೆ ಬೇಡವೇ ಬೇಡ. ಹಸು, ಮೇಕೆಗಳಿಗೂ ಕುಡಿಸಬಾರದು. ನಮ್ಮ ನೀರಿನ ಲೆಕ್ಕದಲ್ಲಿ ಅದರಲ್ಲಿ ಫ್ಲೋರೈಡ್ 4 ಮಿಲಿಗ್ರಾಂ ಹತ್ತಿರ ಇರುತ್ತದೆ. ವುಝೂಗೆ ಬಳಸಬಹುದೇ ಎಂದು ಅಮ್ಮಿ ಕೇಳಿದ್ದರು. ರಸಾಯನಶಾಸ್ತ್ರದ ಮಟ್ಟಿಗೆ ಹೇಳುವುದಾದರೆ ಅದು ಕೊಳಕು ನೀರಲ್ಲ, ಅದೇ ಬೋರ್‌ವೆಲ್ ನೀರು ಸ್ವಲ್ಪ ಹೆಚ್ಚು ಉಪ್ಪಾಗಿರುತ್ತದೆ ಅಷ್ಟೇ. ಬಾಯಿ ಮುಕ್ಕಳಿಸುವಾಗ ನುಂಗದಿದ್ದರೆ ಸಾಕು. ಮಕ್ಕಳು ನುಂಗುವ ಸಂಭವ ಇರುವುದರಿಂದ ಅವರಿಗೆ ಬೇರೆ ನೀರು ಇಡಿ.

ಕಾಲಕಾಲದ ಕೆಲಸ

ಪ್ರತಿ ತಿಂಗಳು: ಎರಡೂ ಕಡೆಯ ಟಿಡಿಎಸ್ ಅಳೆದು ಬರೆಯಿರಿ. ಯಂತ್ರ ಆಫ್ ಮಾಡಿ ಹೊರಹೋಗುವ ಕೊಳವೆ ನೋಡಿ. ಒಂದೆರಡು ನಿಮಿಷದಲ್ಲಿ ಹನಿ ನಿಲ್ಲಬೇಕು. ನಿಲ್ಲದೆ ಹರಿಯುತ್ತಿದ್ದರೆ ಸೊಲೆನಾಯ್ಡ್ ವಾಲ್ವ್ ಸಿಕ್ಕಿಕೊಂಡಿದೆ. ರಾತ್ರಿಯಿಡೀ ನೀರು ವ್ಯರ್ಥವಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಮೂರು ತಿಂಗಳಿಗೊಮ್ಮೆ: ಪ್ಲಗ್ ಕಿತ್ತು, ಟ್ಯಾಂಕ್ ಖಾಲಿ ಮಾಡಿ, ಒಳಗೆ ಮೃದುವಾದ ಬಟ್ಟೆಯಿಂದ ಉಜ್ಜಿ ಶುದ್ಧ ನೀರಿನಿಂದ ತೊಳೆಯಿರಿ. ಗೋಡೆ ಜಾರುತ್ತಿದ್ದರೆ ಸೂಕ್ಷ್ಮಜೀವಿಗಳ ಪದರ ಬೆಳೆದಿದೆ ಎಂದರ್ಥ. ನಲ್ಲಿಯ ಬಾಯಿಯನ್ನೂ ತೊಳೆಯಿರಿ. ಬ್ಲೀಚಿಂಗ್ ದ್ರಾವಣ ಯಾವ ಕಾರಣಕ್ಕೂ ಪೊರೆಯ ಕಡೆಗೆ ಹೋಗಬಾರದು. ಯುವಿ ದೀಪ ಉರಿಯುವಾಗ ಅದರತ್ತ ನೋಡಬೇಡಿ, ಕಣ್ಣಿಗೆ ಅಪಾಯ.

ಆರು ತಿಂಗಳಿಂದ ವರ್ಷದೊಳಗೆ: ಸೆಡಿಮೆಂಟ್ ಮತ್ತು ಕಾರ್ಬನ್ ಬದಲಿಸಿ. ಕೆಸರು ನೀರು ಬರುವಲ್ಲಿ ಇನ್ನೂ ಬೇಗ ಬೇಕಾಗುತ್ತದೆ. ಹೊಸ ಕಾರ್ಬನ್ ಹಾಕಿದಾಗ ಮೊದಲು ಕಪ್ಪು ಪುಡಿ ಬರುತ್ತದೆ. ಅದು ಪೂರ್ತಿ ಹೋಗುವವರೆಗೆ ನೀರು ಹೊರಗೆ ಬಿಟ್ಟು, ಆಮೇಲೆ ಪೊರೆಗೆ ಜೋಡಿಸಬೇಕು.

ಪೊರೆ: ಸಾಮಾನ್ಯವಾಗಿ ಎರಡು ಮೂರು ವರ್ಷ ಬರುತ್ತದೆ. ವರ್ಷ ಆಯಿತೆಂದು ಬದಲಿಸಬೇಡಿ, ಶೇಕಡಾವಾರು ನೋಡಿ ಬದಲಿಸಿ. ಹೊಸದು ಹಾಕಿದಾಗ ಮೊದಲ ಒಂದೆರಡು ಟ್ಯಾಂಕ್ ನೀರನ್ನು ಕುಡಿಯದೆ ಚೆಲ್ಲಬೇಕು.

ಈದ್‌ಗೆ ಊರಿಗೆ ಹೋಗಿ ವಾರ ಬಿಟ್ಟು ಬಂದರೆ, ಟ್ಯಾಂಕಿನಲ್ಲಿ ನಿಂತ ನೀರನ್ನು ಚೆಲ್ಲಿ ಹೊಸದಾಗಿ ತುಂಬಿದ ನೀರನ್ನು ಬಳಸಿ. ರಮಝಾನ್‌ನಲ್ಲಿ ಇನ್ನೊಂದು ತೊಂದರೆ ಇದೆ. ಮಗ್ರಿಬ್ ಹೊತ್ತಿಗೆ ಮನೆಯವರೆಲ್ಲ ಒಟ್ಟಿಗೆ ಕುಡಿಯುತ್ತಾರೆ, ಶರಬತ್ತೂ ಆಗಬೇಕು. 8 ಲೀಟರ್ ಟ್ಯಾಂಕ್ ಒಂದೇ ಸಲಕ್ಕೆ ಖಾಲಿ, ಮತ್ತೆ ತುಂಬಲು ಮುಕ್ಕಾಲು ಗಂಟೆಯಾದರೂ ಬೇಕು. ಆ ಅವಸರದಲ್ಲಿ ಕೈ ಬೋರ್‌ವೆಲ್ ನಲ್ಲಿಯ ಕಡೆ ಹೋಗುತ್ತದೆ. ಅಸರ್‌ಗೆ ಮುಂಚೆಯೇ ತೊಳೆದ ಕೊಡವೊಂದರಲ್ಲಿ ಹಿಡಿದು ಮುಚ್ಚಿಟ್ಟರೆ ಸಮಸ್ಯೆಯಿಲ್ಲ.

ಲಕ್ಷಣ ನೋಡಿ ದೋಷ ತಿಳಿಯುವುದು

ಟ್ಯಾಂಕ್ ತುಂಬಲು ಹೆಚ್ಚು ಸಮಯ, ಟಿಡಿಎಸ್ ಮಾತ್ರ ಸರಿಯಿದೆ: ಮೊದಲು ಸೆಡಿಮೆಂಟ್ ಫಿಲ್ಟರ್ ಕಟ್ಟಿದೆಯೇ ನೋಡಿ. ಅದು ಹೊಸದಾಗಿದ್ದರೆ ಪಂಪ್ ಅಥವಾ ಪೊರೆಯ ಮೇಲೆ ಸುಣ್ಣ ಕಟ್ಟಿರುವುದು ಕಾರಣ.

ಟಿಡಿಎಸ್ ನಿಧಾನವಾಗಿ ಏರುತ್ತಿದೆ: ಪೊರೆ ಸವೆದಿದೆ.

ಟಿಡಿಎಸ್ ಒಮ್ಮೆಲೇ ಏರಿದೆ: ಕಂಟ್ರೋಲರ್ ತೆರೆದಿದೆ, ಅಥವಾ ಪೊರೆಯ ರಬ್ಬರ್ ರಿಂಗ್ ಸರಿಯಾಗಿ ಕೂತಿಲ್ಲ.

ನೀರು ಬೇಗ ಬರುತ್ತಿದೆ, ಟಿಡಿಎಸ್ಸೂ ಏರಿದೆ: ಪೊರೆ ಹರಿದಿರಬಹುದು ಅಥವಾ ಕ್ಲೋರಿನ್‌ನಿಂದ ಹಾಳಾಗಿರಬಹುದು.

ವಾಸನೆ ಬರುತ್ತಿದೆ: ಟ್ಯಾಂಕ್ ತೊಳೆಯಬೇಕು, ಕೊನೆಯ ಕಾರ್ಬನ್ ಬದಲಿಸಬೇಕು.

ಇಷ್ಟು ತಿಳಿದಿದ್ದರೆ ಸರ್ವಿಸ್‌ನವರು ಬಂದಾಗ “ಏನು ಬದಲಿಸಬೇಕು?” ಎಂದು ಕೇಳುವ ಬದಲು “ಟಿಡಿಎಸ್ ಹೀಗಿದೆ, ಸಮಯ ಹೀಗಿದೆ, ಇದನ್ನು ನೋಡಿ” ಎಂದು ಹೇಳಬಹುದು. ಬೇಡದ ಖರ್ಚು ತಪ್ಪುತ್ತದೆ, ಬೇಕಾದ ಕೆಲಸ ಆಗುತ್ತದೆ. ಒಳ್ಳೆಯ ತಂತ್ರಜ್ಞರಿಗೂ ಇಂಥ ಮಾಹಿತಿ ಸಿಕ್ಕರೆ ಕೆಲಸ ಸುಲಭ.

ಈ ವಾರ ಏನು ಮಾಡಬಹುದು?

ಮೊದಲು ನಿಮ್ಮ ಮನೆಯ ನೀರಿನ ಮೂಲ ಯಾವುದು ಎಂದು ಕೇಳಿ ತಿಳಿಯಿರಿ. ಬೋರ್‌ವೆಲ್ ಆದರೆ ಒಮ್ಮೆ ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಮಾಡಿಸಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಮಾದರಿ ಕೊಡಬಹುದು. ಗ್ರಾಮ ಪಂಚಾಯಿತಿಗಳಿಗೆ ಸ್ಥಳದಲ್ಲೇ ಪರೀಕ್ಷಿಸುವ ಕಿಟ್‌ಗಳನ್ನೂ ಕೊಟ್ಟಿದ್ದಾರೆ, ಕೇಳಿ ನೋಡಿ. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಈ ಕೆಲಸವನ್ನು ಮುಂದೂಡಬೇಡಿ.

ಯಂತ್ರ ಇದ್ದವರು ನೋಟ್‌ಬುಕ್‌ನಲ್ಲಿ ಐದು ಕಂಬಗಳನ್ನು ಎಳೆಯಿರಿ: ದಿನಾಂಕ, ಒಳಗಿನ ಟಿಡಿಎಸ್, ಹೊರಗಿನ ಟಿಡಿಎಸ್, ಶೇಕಡಾ, ಟ್ಯಾಂಕ್ ತುಂಬಿದ ಸಮಯ. ತಿಂಗಳಿಗೊಂದು ಸಾಲು. ಮೀಟರ್ ಎಲ್ಲರೂ ಕೊಳ್ಳಬೇಕಾಗಿಲ್ಲ, ಒಂದು ಬೀದಿಗೆ ಒಂದಿದ್ದರೆ ಸಾಕು. ನಮ್ಮ ಮನೆಯ ಮೀಟರ್ ಈಗ ಅಕ್ಕಪಕ್ಕದ ಆರು ಮನೆಗಳನ್ನು ಸುತ್ತುತ್ತಿದೆ. ಅದರಲ್ಲಿ ಎರಡು ಮನೆಗಳಲ್ಲಿ ಕಂಟ್ರೋಲರ್ ತೆರೆದೇ ಇತ್ತು. ಎರಡೂ ಮನೆಗಳಲ್ಲಿ ಚಿಕ್ಕ ಮಕ್ಕಳಿದ್ದಾರೆ.